ರಫ್ತಿನ ಬಾಗಿಲು ತೆರೆದ ನಿಯಮವೇ ಮಿತಿಯೂ ಆದಾಗ: ರೇವಾ ವಿದ್ಯುತ್ ಕಾರಿನ ಪಾಠ

ಸಣ್ಣ ಉದ್ದಿಮೆಯೊಂದು ತನ್ನ ಸರಕನ್ನು ಹೊರದೇಶಕ್ಕೆ ಕಳುಹಿಸಲು ಹೊರಟಾಗ ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಬೆಲೆ ಎಷ್ಟು ಸಿಕ್ಕೀತು? ಕೊಳ್ಳುವವರು ಯಾರು? ಹಣ ಯಾವಾಗ ಕೈಸೇರೀತು? ಇವು ಮೂರೂ ಅಗತ್ಯವಾದ ಪ್ರಶ್ನೆಗಳೇ. ಆದರೆ ಅಷ್ಟೇ ಮುಖ್ಯವಾದ ನಾಲ್ಕನೆಯ ಪ್ರಶ್ನೆಯೊಂದು ಹಲವು ಬಾರಿ ಕೇಳದೆಯೇ ಉಳಿದುಬಿಡುತ್ತದೆ. ಆ ದೇಶದ ಯಾವ ನಿಯಮದ ಆಸರೆಯಲ್ಲಿ ಈ ಸರಕು ಅಲ್ಲಿ ಮಾರಾಟವಾಗುತ್ತದೆ? ಆ ನಿಯಮ ಬದಲಾದರೆ ಸರಕಿನ ಗತಿಯೇನು?

ಕೊಕ್ಕರ್ಣೆ, ಬ್ರಹ್ಮಾವರ, ಕುಂದಾಪುರ, ಬೈಂದೂರು ಭಾಗದ ವರ್ತಕರಿಗೆ ಹೊರದೇಶದ ಮಾರುಕಟ್ಟೆ ಹೊಸತಲ್ಲ. ಗೇರುಬೀಜದ ತಿರುಳು, ಮೀನಿನ ಉತ್ಪನ್ನಗಳು, ಹಿಂದೆ ಹೆಂಚು ಇಲ್ಲಿನ ಕರಾವಳಿಯಿಂದ ಕಡಲು ದಾಟಿವೆ. ಆದರೂ ಈ ನಾಲ್ಕನೆಯ ಪ್ರಶ್ನೆಯ ತೂಕವನ್ನು ಅರಿಯಲು ಕರ್ನಾಟಕದ್ದೇ ಆದ ಬೇರೊಂದು ಉದ್ದಿಮೆಯ ಅನುಭವ ಹೆಚ್ಚು ಉಪಯುಕ್ತ. ಅದು ಬೆಂಗಳೂರಿನಲ್ಲಿ ತಯಾರಾಗಿ ಲಂಡನ್ನಿನ ಬೀದಿಗಳಲ್ಲಿ ಓಡಿದ ‘ರೇವಾ’ ವಿದ್ಯುತ್ ಕಾರಿನದು. ಪ್ರಸ್ತುತ ಅಧ್ಯಯನದ ಉದ್ದೇಶ ಆ ಸಂಸ್ಥೆಯ ಗುಣದೋಷಗಳ ತೀರ್ಪಲ್ಲ. ಅದು ನಡೆದ ದಾರಿಯಿಂದ ಸಣ್ಣ ತಯಾರಕರು ತಮ್ಮ ಲೆಕ್ಕಪುಸ್ತಕಕ್ಕೆ ಏನನ್ನು ತೆಗೆದುಕೊಳ್ಳಬಹುದೆಂಬುದನ್ನು ಪರಿಶೀಲಿಸುವುದು.

ಹಿನ್ನೆಲೆ

ಸುದರ್ಶನ ಮೈನಿಯವರು 1973ರಲ್ಲಿ ಬೆಂಗಳೂರಿನಲ್ಲಿ ಸೂಕ್ಷ್ಮ ಅಳತೆಯ ಯಂತ್ರಭಾಗಗಳನ್ನು ತಯಾರಿಸುವ ಉದ್ದಿಮೆಯನ್ನು ಆರಂಭಿಸಿದರು. ಮೈನಿ ಸಮೂಹವು ಮುಂದೆ ವಿದೇಶಿ ಕಂಪನಿಗಳಿಗೆ ಬಿಡಿಭಾಗಗಳನ್ನು ಪೂರೈಸಿತು. ಕಾರ್ಖಾನೆಗಳೊಳಗೆ ಸರಕು ಸಾಗಿಸುವ ವಿದ್ಯುತ್ ಗಾಡಿಗಳ ತಯಾರಿಕೆಯಲ್ಲಿಯೂ ಅದು ಅನುಭವ ಪಡೆಯಿತು. ಅಂದರೆ ಕಾರು ತಯಾರಿಕೆಗೆ ಕೈಹಾಕುವ ಮೊದಲೇ ಅಳತೆಯ ಶಿಸ್ತು, ವಿದೇಶಿ ಗ್ರಾಹಕರ ತಪಾಸಣೆ, ಬ್ಯಾಟರಿ ಗಾಡಿಯ ನಿರ್ವಹಣೆ ಈ ಮೂರೂ ಆ ಸಮೂಹಕ್ಕೆ ಪರಿಚಿತವಾಗಿದ್ದವು.

ಸುದರ್ಶನ ಮೈನಿಯವರ ಪುತ್ರ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ಸೌರಶಕ್ತಿ ಕಾರಿನ ತಂಡದಲ್ಲಿದ್ದರು. 1990ರಲ್ಲಿ ಆ ತಂಡವು ಅಮೆರಿಕದ ಸೌರ ಕಾರುಗಳ ಸ್ಪರ್ಧೆಯಲ್ಲಿ ಮೊದಲ ಸ್ಥಾನವನ್ನೂ, ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನವನ್ನೂ ಗಳಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮುಗಿಸಿದ ಮೇಲೆ ಅವರು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಯಲ್ಲಿ ವಿದ್ಯುತ್ ವಾಹನದ ಅಭಿವೃದ್ಧಿ ಕಾರ್ಯದಲ್ಲಿ ತೊಡಗಿದರು. ಮೈನಿ ಸಮೂಹ ಮತ್ತು ಅಮೆರಿಗಾನ್ ಸಂಸ್ಥೆಗಳ ಸಹಭಾಗಿತ್ವದಲ್ಲಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ರೂಪುಗೊಂಡಿತು. 2001ರಲ್ಲಿ ಕಾರು ಮಾರುಕಟ್ಟೆಗೆ ಬಂದಿತು. ಕಂಪನಿಯ ಸ್ಥಾಪನೆಗೂ ಮೊದಲ ಮಾರಾಟಕ್ಕೂ ನಡುವೆ ಏಳು ವರ್ಷ. ಮಾರಾಟವಿಲ್ಲದೆ ಕೇವಲ ವೆಚ್ಚದಲ್ಲಿ ಕಳೆಯುವ ಇಂಥ ವರ್ಷಗಳನ್ನು ತಾಳಿಕೊಳ್ಳುವುದು ಬೆನ್ನಿಗೆ ಬೇರೆ ಆದಾಯವಿರುವ ಸಮೂಹಕ್ಕೆ ಮಾತ್ರ ಸಾಧ್ಯ.

ಕಾರಿನ ಸ್ವರೂಪ ಸರಳವಾಗಿತ್ತು. ಉದ್ದ ಸುಮಾರು 2.6 ಮೀಟರ್, ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಉಕ್ಕಿನ ಚೌಕಟ್ಟಿನ ಮೇಲೆ ಎಬಿಎಸ್ ಪ್ಲಾಸ್ಟಿಕ್ಕಿನ ಹೊರಮೈ. ತಲಾ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳು, ಒಟ್ಟು 48 ವೋಲ್ಟ್. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಟ. ಮನೆಯ ಸಾಮಾನ್ಯ ಪ್ಲಗ್ಗಿನಿಂದಲೇ ಚಾರ್ಜ್ ಮಾಡಬಹುದಾಗಿತ್ತು.

ಸ್ವದೇಶದ ಮಾರುಕಟ್ಟೆಯ ಸ್ಥಿತಿ

ಭಾರತದಲ್ಲಿ ರೇವಾ ಕಾರಿನ ಆರಂಭದ ಬೆಲೆ ಸುಮಾರು ಎರಡೂವರೆ ಲಕ್ಷ ರೂಪಾಯಿಗಳಷ್ಟಿತ್ತು. ಅದಕ್ಕಿಂತ ಕಡಿಮೆ ಬೆಲೆಗೆ ಮಾರುತಿ 800 ಸಿಗುತ್ತಿತ್ತು. ಮಾರುತಿಯಲ್ಲಿ ನಾಲ್ವರು ದೊಡ್ಡವರು ಕುಳಿತು ಊರಿಗೆ ಹೋಗಿ ಬರಬಹುದಿತ್ತು. ರೇವಾದಲ್ಲಿ ನಗರದ ಎಲ್ಲೆ ದಾಟುವುದು ಕಷ್ಟ. ಒಂದೇ ಕಾರು ಕೊಳ್ಳಬಲ್ಲ ಕುಟುಂಬವು ಎಲ್ಲ ಕೆಲಸಕ್ಕೂ ಒದಗುವ ಕಾರನ್ನೇ ಆರಿಸಿತು. ನಗರದೊಳಗಿನ ಓಡಾಟಕ್ಕೆಂದೇ ಎರಡನೆಯ ಕಾರು ಕೊಳ್ಳಬಲ್ಲವರ ಸಂಖ್ಯೆ ಆಗ ಕಡಿಮೆ.

ಸರ್ಕಾರದ ನೆರವೂ ಸಕಾಲದಲ್ಲಿ ಬರಲಿಲ್ಲ. ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ವಿದ್ಯುತ್ ವಾಹನಗಳಿಗೆ ಸಹಾಯಧನ ಯೋಜನೆಯನ್ನು ಪ್ರಕಟಿಸಿದ್ದು 2010ರ ನವೆಂಬರಿನಲ್ಲಿ. ಆ ಯೋಜನೆ 2012ರ ಮಾರ್ಚಿಗೆ ಮುಗಿಯಿತು. ‘ಫೇಮ್’ ಎಂಬ ಹೆಸರಿನ ಮುಂದಿನ ಯೋಜನೆ ಆರಂಭವಾದದ್ದು 2015ರ ಏಪ್ರಿಲಿನಲ್ಲಿ. ಹೀಗೆ 2001ರಲ್ಲಿ ಮಾರಾಟಕ್ಕಿಳಿದ ತಯಾರಕರಿಗೆ ಸ್ವದೇಶದ ಬೇಡಿಕೆಯನ್ನೇ ನೆಚ್ಚಿ ಕಾರ್ಖಾನೆ ನಡೆಸುವುದು ಕಠಿಣವಾಗಿತ್ತು. ಹೊರದೇಶದತ್ತ ನೋಡುವುದು ಅವರಿಗೆ ಉಳಿವಿನ ಪ್ರಶ್ನೆಯೇ ಆಗಿತ್ತು.

ಲಂಡನ್ನಿನ ಬಾಗಿಲು

2003ರ ಫೆಬ್ರವರಿ 17ರಂದು ಲಂಡನ್ ನಗರದ ಕೇಂದ್ರ ಭಾಗಕ್ಕೆ ಕೆಲಸದ ದಿನಗಳಲ್ಲಿ ಬರುವ ವಾಹನಗಳ ಮೇಲೆ ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ಜಾರಿಗೆ ಬಂದಿತು. 2005ರ ಜುಲೈಯಲ್ಲಿ ಅದು 8 ಪೌಂಡಿಗೆ ಏರಿತು. ವಿದ್ಯುತ್ ವಾಹನಗಳಿಗೆ ಈ ಶುಲ್ಕದಿಂದ ವಿನಾಯಿತಿ ಇತ್ತು. ಅಲ್ಲಿನ ವಾರ್ಷಿಕ ರಸ್ತೆ ತೆರಿಗೆಯೂ ಅವಕ್ಕೆ ಇರಲಿಲ್ಲ. ನಗರದ ಕೆಲವು ಭಾಗಗಳಲ್ಲಿ ವಾಹನ ನಿಲುಗಡೆಯ ಸೌಲಭ್ಯವೂ ದೊರೆಯಿತು. ಗೋಯಿಂಗ್‌ಗ್ರೀನ್ ಎಂಬ ಬ್ರಿಟಿಷ್ ಸಂಸ್ಥೆಯು ರೇವಾ ಕಾರನ್ನು ಆಮದು ಮಾಡಿಕೊಂಡು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರತೊಡಗಿತು. ಬೆಲೆ ಬಾಳುವ ಮಳಿಗೆಗಳನ್ನು ತೆರೆಯದೆ ಅಂತರ್ಜಾಲದ ಮೂಲಕ ಬೇಡಿಕೆ ಪಡೆದು ಕಾರನ್ನು ಗ್ರಾಹಕರಿಗೆ ತಲುಪಿಸುವ ಕ್ರಮವನ್ನು ಅದು ಅನುಸರಿಸಿತು.

ಗ್ರಾಹಕರ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡುವುದು ಅಗತ್ಯ. ವರ್ಷಕ್ಕೆ 250 ದಿನ ಕಾರಿನಲ್ಲಿ ನಗರ ಕೇಂದ್ರಕ್ಕೆ ಬರುವ ಒಬ್ಬ ಉದ್ಯೋಗಿ ದಿನಕ್ಕೆ 8 ಪೌಂಡಿನಂತೆ 2,000 ಪೌಂಡ್ ಶುಲ್ಕ ತೆರಬೇಕಾಗಿತ್ತು. ಪೌಂಡಿಗೆ ಸುಮಾರು 80 ರೂಪಾಯಿ ವಿನಿಮಯ ದರವಿದ್ದ ಆ ಕಾಲದಲ್ಲಿ ಅದು 1,60,000 ರೂಪಾಯಿ. ಜಿ-ವಿಜ್ ಕಾರಿನ ಬೆಲೆ ಏಳೆಂಟು ಸಾವಿರ ಪೌಂಡಿನ ಆಸುಪಾಸಿನಲ್ಲಿತ್ತು. ನಾಲ್ಕು ವರ್ಷಗಳ ಶುಲ್ಕದ ಉಳಿತಾಯದಲ್ಲಿಯೇ ಕಾರಿನ ಬೆಲೆ ಹುಟ್ಟುತ್ತಿತ್ತು. ಇಂಧನ ಮತ್ತು ನಿಲುಗಡೆಯ ಉಳಿತಾಯ ಇದಕ್ಕೆ ಹೊರತು. ಶುಲ್ಕ 5 ಪೌಂಡಿನಲ್ಲೇ ನಿಂತಿದ್ದರೆ ಇದೇ ಗ್ರಾಹಕನ ವಾರ್ಷಿಕ ಉಳಿತಾಯ 1,250 ಪೌಂಡ್ ಮಾತ್ರ. ಅಂದರೆ ಲಂಡನ್ ನಗರಾಡಳಿತದ ಒಂದು ಆದೇಶದಿಂದ ಬೆಂಗಳೂರಿನ ಕಾರಿನ ಆಕರ್ಷಣೆ ವರ್ಷಕ್ಕೆ 750 ಪೌಂಡಿನಷ್ಟು ಹೆಚ್ಚಿತು. ಅದಕ್ಕಾಗಿ ಕಾರ್ಖಾನೆಯಲ್ಲಿ ಒಂದು ಮೊಳೆಯೂ ಬದಲಾಗಲಿಲ್ಲ.

ಬೆಂಗಳೂರಿನಲ್ಲಿ ದುಬಾರಿ ಎನಿಸಿದ ಕಾರು ಲಂಡನ್ನಿನಲ್ಲಿ ಅಗ್ಗವೆನಿಸಿದ್ದು ಹೀಗೆ. ಲಂಡನ್ ಒಂದರಲ್ಲೇ ಸಾವಿರದಷ್ಟು ಕಾರುಗಳು ಬೀದಿಗಿಳಿದವು. ನಾರ್ವೆಯಂಥ ದೇಶಗಳಲ್ಲಿಯೂ ವಿದ್ಯುತ್ ವಾಹನಗಳಿಗಿದ್ದ ತೆರಿಗೆ ಮತ್ತು ಸುಂಕದ ವಿನಾಯಿತಿಗಳು ರೇವಾಕ್ಕೆ ಅವಕಾಶ ಕಲ್ಪಿಸಿದವು. 2011ರ ವೇಳೆಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಒಟ್ಟು ಹೆಚ್ಚುಕಡಿಮೆ ನಾಲ್ಕೂವರೆ ಸಾವಿರ ರೇವಾ ಕಾರುಗಳು ಮಾರಾಟವಾಗಿದ್ದವು. ವಾಹನೋದ್ಯಮದ ಮಾಪನದಲ್ಲಿ ಇದು ಚಿಕ್ಕ ಸಂಖ್ಯೆ. ಆದರೆ ದೊಡ್ಡ ಕಂಪನಿಗಳು ವಿದ್ಯುತ್ ಕಾರನ್ನು ಪ್ರದರ್ಶನಕ್ಕಷ್ಟೇ ಇಟ್ಟಿದ್ದ ಕಾಲದಲ್ಲಿ ಇದು ಗಣನೀಯ ಸಾಧನೆಯೇ ಆಗಿತ್ತು.

ವರ್ಗೀಕರಣದ ಅನುಕೂಲ

ಯುರೋಪಿನಲ್ಲಿ ಪೂರ್ಣ ಪ್ರಮಾಣದ ಕಾರೊಂದನ್ನು ಮಾರಬೇಕಾದರೆ ಮುಂಬದಿಯ ಮತ್ತು ಪಕ್ಕದ ಡಿಕ್ಕಿಯ ಪರೀಕ್ಷೆಗಳೂ ಸೇರಿದಂತೆ ಹಲವು ಕಡ್ಡಾಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಇಂಥ ಪರೀಕ್ಷೆಗಳಿಗೆ ಹಲವು ಕಾರುಗಳನ್ನು ನುಚ್ಚುನೂರು ಮಾಡಬೇಕಾಗುತ್ತದೆ. ಚೌಕಟ್ಟನ್ನು ಮರಳಿ ಮರಳಿ ತಿದ್ದಬೇಕಾಗುತ್ತದೆ. ಸಣ್ಣ ತಯಾರಕರಿಗೆ ಅದು ಭಾರೀ ವೆಚ್ಚ.

ಆದರೆ ಯುರೋಪಿನ ಕಾನೂನಿನಲ್ಲಿ ‘ಕ್ವಾಡ್ರಿಸೈಕಲ್’ ಎಂಬ ಇನ್ನೊಂದು ವರ್ಗವೂ ಇದೆ. ಕಾರಿಗಿಂತ ಹಗುರವಾದ ನಾಲ್ಕು ಚಕ್ರದ ವಾಹನಗಳು ಅದರಲ್ಲಿ ಸೇರುತ್ತವೆ. ಆಗಿನ ನಿಯಮದ ಪ್ರಕಾರ ಬ್ಯಾಟರಿಯ ತೂಕ ಬಿಟ್ಟು 400 ಕೆ.ಜಿ. ಮೀರದ, 15 ಕಿಲೋವಾಟ್‌ಗಿಂತ ಹೆಚ್ಚು ಶಕ್ತಿಯಿಲ್ಲದ ವಾಹನ ಈ ವರ್ಗಕ್ಕೆ ಅರ್ಹ. ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಇದಕ್ಕೆ ಇರಲಿಲ್ಲ. ರೇವಾ ಈ ವರ್ಗದಡಿಯಲ್ಲಿಯೇ ಯುರೋಪನ್ನು ಪ್ರವೇಶಿಸಿತು. ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇರಲಿಲ್ಲ. ನಗರದೊಳಗೆ ನಿಧಾನವಾಗಿ ಸಾಗುವ ಹಗುರ ವಾಹನಕ್ಕೆಂದೇ ಇದ್ದ ವರ್ಗವದು.

ಹೀಗೆ ಎರಡು ನಿಯಮಗಳು ಒಂದೆಡೆ ಕೂಡಿ ರೇವಾಕ್ಕೆ ಬಾಗಿಲು ತೆರೆದವು. ಒಂದು, ಗ್ರಾಹಕನಿಗೆ ಲಾಭ ತಂದ ಶುಲ್ಕ ವಿನಾಯಿತಿ. ಇನ್ನೊಂದು, ತಯಾರಕನಿಗೆ ವೆಚ್ಚ ಉಳಿಸಿದ ವರ್ಗೀಕರಣ. ಎರಡೂ ಅನ್ಯ ದೇಶದ ಆಡಳಿತಗಾರರ ಕೈಯಲ್ಲಿದ್ದವು.

2007ರ ಪರೀಕ್ಷೆ

ಗ್ರಾಹಕರ ಕಣ್ಣಿಗೆ ಜಿ-ವಿಜ್ ಒಂದು ಕಾರೇ ಆಗಿತ್ತು. ಅದಕ್ಕೆ ಬಾಗಿಲಿತ್ತು, ಚಾವಣಿಯಿತ್ತು, ಅದು ಇತರ ಕಾರುಗಳ ನಡುವೆಯೇ ಓಡುತ್ತಿತ್ತು. ಕಾನೂನು ಅದನ್ನು ಬೇರೊಂದು ಹೆಸರಿನಿಂದ ಕರೆಯುತ್ತದೆಂಬುದು ಹಲವರಿಗೆ ತಿಳಿದಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ‘ಟಾಪ್ ಗೇರ್’ ನಿಯತಕಾಲಿಕವು ಈ ವಾಹನವನ್ನು ಕಾರುಗಳ ಮಾನದಂಡದಲ್ಲಿ, ಗಂಟೆಗೆ ಸುಮಾರು 64 ಕಿ.ಮೀ. ವೇಗದ ಡಿಕ್ಕಿ ಪರೀಕ್ಷೆಗೆ ಒಳಪಡಿಸಿತು. ಒಳಗಿರುವವರಿಗೆ ಗಂಭೀರ, ಪ್ರಾಣಾಪಾಯಕರ ಪೆಟ್ಟಾಗುವ ಸಂಭವವನ್ನು ಅದರ ಫಲಿತಾಂಶ ತೋರಿಸಿತು. ಬ್ರಿಟಿಷ್ ಸಾರಿಗೆ ಇಲಾಖೆಯೂ ಪರೀಕ್ಷೆ ನಡೆಸಿ, ಈ ವರ್ಗದ ನಿಯಮಗಳ ಮರುಪರಿಶೀಲನೆಯ ಮಾತನ್ನಾಡಿತು.

ನಗರದ ಸಂಚಾರದಲ್ಲಿ ವೇಗ ಕಡಿಮೆಯೆಂಬುದು ತಯಾರಕರ ಮತ್ತು ಮಾರಾಟಗಾರರ ವಾದವಾಗಿತ್ತು. ಆ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ‘ರೇವಾ-ಐ’ ಮಾದರಿಯಲ್ಲಿ ಎ.ಸಿ. ಮೋಟಾರು ಮತ್ತು ಮುಂಚಕ್ರಗಳಿಗೆ ಡಿಸ್ಕ್ ಬ್ರೇಕ್ ಅಳವಟ್ಟವು. ಆದರೆ ನಿಯಮದ ಪ್ರಕಾರ ಸರಿ ಎಂಬ ಉತ್ತರವು ನಿಯಂತ್ರಕರನ್ನು ತೃಪ್ತಿಪಡಿಸಬಹುದೇ ಹೊರತು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವ ತಾಯಿತಂದೆಯರನ್ನಲ್ಲ. ಗ್ರಾಹಕರು ಒಂದು ಸರಕನ್ನು ಯಾವ ಸರಕಿನೊಂದಿಗೆ ಹೋಲಿಸುತ್ತಾರೋ ಆ ಹೋಲಿಕೆಯಲ್ಲಿ ಅದು ನಿಲ್ಲಬೇಕು. ತೆರಿಗೆ ಪಟ್ಟಿಯ ಹೆಸರು ಅಲ್ಲಿ ನೆರವಿಗೆ ಬರುವುದಿಲ್ಲ.

2014ರಲ್ಲಿ ‘ಯುರೋ ಎನ್‌ಕ್ಯಾಪ್’ ಸಂಸ್ಥೆಯು ಬೇರೆ ಬೇರೆ ಕಂಪನಿಗಳ ನಾಲ್ಕು ಕ್ವಾಡ್ರಿಸೈಕಲ್‌ಗಳನ್ನು ಪರೀಕ್ಷಿಸಿದಾಗಲೂ ಫಲಿತಾಂಶಗಳು ನಿರಾಶಾದಾಯಕವಾಗಿದ್ದವು. ಅವುಗಳಲ್ಲಿ ಫ್ರಾನ್ಸಿನ ದೊಡ್ಡ ಕಂಪನಿ ರೆನೋದ ‘ಟ್ವಿಜಿ’ ಕೂಡ ಇತ್ತು. ಆದ್ದರಿಂದ ದೋಷ ಒಬ್ಬ ಭಾರತೀಯ ತಯಾರಕನದು ಮಾತ್ರವಲ್ಲ, ಇಡೀ ವರ್ಗದ ಮಿತಿಯದು ಎಂಬುದು ಸ್ಪಷ್ಟ. ಆದರೆ 2007ರಲ್ಲಿ ಆ ಮಿತಿಯ ಅಪಕೀರ್ತಿಯನ್ನು ಹೊತ್ತದ್ದು ಬೀದಿಯಲ್ಲಿ ಹೆಚ್ಚು ಕಣ್ಣಿಗೆ ಬೀಳುತ್ತಿದ್ದ ಜಿ-ವಿಜ್. ಮೊದಲು ನಡೆದವನ ಕಾಲಿಗೇ ಮುಳ್ಳು.

ಬಂಡವಾಳ, ವಿಸ್ತರಣೆ, ಒಡೆತನ

ಮುಂದಿನ ಹೆಜ್ಜೆ ಏನಿರಬೇಕೆಂಬುದು ಕಂಪನಿಗೆ ತಿಳಿಯದ ವಿಷಯವಾಗಿರಲಿಲ್ಲ. 2006ರ ಡಿಸೆಂಬರಿನಲ್ಲಿ ಅಮೆರಿಕದ ಡ್ರೇಪರ್ ಫಿಷರ್ ಜರ್ವೆಟ್‌ಸನ್ ಮತ್ತು ಗ್ಲೋಬಲ್ ಎನ್ವಿರಾನ್‌ಮೆಂಟ್ ಫಂಡ್ ಸಂಸ್ಥೆಗಳಿಂದ 2 ಕೋಟಿ ಡಾಲರ್ ಬಂಡವಾಳ ದೊರೆಯಿತು. 2009ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ಮಾದರಿ ಬಂದಿತು. ಒಂದು ಚಾರ್ಜಿಗೆ ಅದು ಸುಮಾರು 120 ಕಿ.ಮೀ. ಓಡುತ್ತಿತ್ತು, ಆದರೆ ಬೆಲೆ ಸೀಸದ ಬ್ಯಾಟರಿಯ ಕಾರಿಗಿಂತ ಬಹಳ ಹೆಚ್ಚು. ಅದೇ ವರ್ಷ ಜರ್ಮನಿಯ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ ‘ಎನ್‌ಎಕ್ಸ್‌ಆರ್’ ಮತ್ತು ‘ಎನ್‌ಎಕ್ಸ್‌ಜಿ’ ಎಂಬ ಎರಡು ಹೊಸ ಮಾದರಿಗಳನ್ನು ಕಂಪನಿ ಪ್ರದರ್ಶಿಸಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬ್ಯಾನನ್ ಆಟೊಮೋಟಿವ್ ಸಂಸ್ಥೆಯ ಮೂಲಕ ತಯಾರಿಕೆ ನಡೆಸುವ ಯೋಜನೆ ಪ್ರಕಟವಾಯಿತು. ಭಾರತದಲ್ಲಿ ಜನರಲ್ ಮೋಟರ್ಸ್‌ನೊಂದಿಗೆ ಸೇರಿ ವಿದ್ಯುತ್ ಕಾರು ತಯಾರಿಸುವ ಒಪ್ಪಂದವೂ ಆಯಿತು.

ಒಂದೇ ವರ್ಷದಲ್ಲಿ ಇಷ್ಟು ದಿಕ್ಕುಗಳಲ್ಲಿ ಕೈಚಾಚಲು ಬೇಕಾಗುವ ಬಂಡವಾಳ ವರ್ಷಕ್ಕೆ ಕೆಲವು ನೂರು ಕಾರುಗಳ ಮಾರಾಟದಿಂದ ಹುಟ್ಟುವಂಥದ್ದಲ್ಲ. 2010ರ ಮೇ ತಿಂಗಳಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಕಂಪನಿಯು ರೇವಾದ ಶೇ. 55.2ರಷ್ಟು ಪಾಲನ್ನು ಪಡೆದು ಅದರ ಹಿಡಿತವನ್ನು ತನ್ನದಾಗಿಸಿಕೊಂಡಿತು. ಸಂಸ್ಥೆಯ ಹೆಸರು ಮಹೀಂದ್ರ ರೇವಾ ಎಂದಾಯಿತು. ಪ್ರತಿಸ್ಪರ್ಧಿಯೊಬ್ಬರ ಕೈಗೆ ಹೋದ ಸಂಸ್ಥೆಯೊಂದಿಗಿನ ಒಪ್ಪಂದದಿಂದ ಜನರಲ್ ಮೋಟರ್ಸ್ ಹಿಂದೆ ಸರಿಯಿತು. ನ್ಯೂಯಾರ್ಕಿನ ಯೋಜನೆ ಕೈಗೂಡಲಿಲ್ಲ. ಹದಿನಾರು ವರ್ಷ ಒಂದು ಕುಟುಂಬದ ಸಮೂಹ ಕಟ್ಟಿ ಬೆಳೆಸಿದ ಉದ್ದಿಮೆಯ ಚುಕ್ಕಾಣಿ ಹೀಗೆ ಬೇರೆಯವರ ಕೈ ಸೇರಿತು.

ಇದನ್ನು ಸೋಲೆಂದು ಕರೆಯುವುದು ಪೂರ್ತಿ ನ್ಯಾಯವಲ್ಲ. ಹೊಸ ಒಡೆತನದಲ್ಲಿ 2012ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರುಗಳ ಸಾಮರ್ಥ್ಯದ ಕಾರ್ಖಾನೆ ಎದ್ದಿತು, 2013ರಲ್ಲಿ ‘ಇ2ಒ’ ಎಂಬ ಹೊಸ ಕಾರು ಬಂದಿತು. ಚೇತನ್ ಮೈನಿ ಮುಂದೆ 2017ರಲ್ಲಿ ಬ್ಯಾಟರಿ ವಿನಿಮಯದ ಸನ್ ಮೊಬಿಲಿಟಿ ಸಂಸ್ಥೆಯನ್ನು ಜೊತೆಯಾಗಿ ಸ್ಥಾಪಿಸಿದರು. ವಿದ್ಯೆ ಉಳಿಯಿತು, ಉದ್ದಿಮೆಯೂ ಉಳಿಯಿತು. ಕೈತಪ್ಪಿದ್ದು ಒಡೆತನ.

ಬಾಗಿಲು ಮುಚ್ಚಿದ ಬಗೆ

2011ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರವು ವಿದ್ಯುತ್ ಕಾರು ಕೊಳ್ಳುವವರಿಗೆ 5,000 ಪೌಂಡ್‌ವರೆಗೆ ಸಹಾಯಧನ ನೀಡತೊಡಗಿತು. ಎಂಟು ವರ್ಷಗಳಿಂದ ವಿದ್ಯುತ್ ಕಾರಿನ ಗ್ರಾಹಕರನ್ನು ಹುಡುಕುತ್ತಿದ್ದವರಿಗೆ ಇದು ಸುದಿನವಾಗಬೇಕಿತ್ತು. ಆದರೆ ಆ ಸಹಾಯಧನ ಪೂರ್ಣ ಪ್ರಮಾಣದ ಕಾರುಗಳಿಗೆ ಮಾತ್ರ ಮೀಸಲಾಗಿತ್ತು. ಕ್ವಾಡ್ರಿಸೈಕಲ್ ವರ್ಗಕ್ಕೆ ಅದು ಅನ್ವಯಿಸಲಿಲ್ಲ. ಅದೇ ವರ್ಷ ನಿಸಾನ್ ಲೀಫ್ ಮತ್ತು ಮಿತ್ಸುಬಿಷಿ ಐ-ಮೀವ್ ಕಾರುಗಳು ಬ್ರಿಟನ್ನಿನ ಮಾರುಕಟ್ಟೆಗೆ ಇಳಿದವು. ಅವುಗಳ ಬೆಲೆ ಬಹಳ ಹೆಚ್ಚಾಗಿದ್ದರೂ ಸಹಾಯಧನ ಅವಕ್ಕೆ ದೊರೆಯಿತು, ಡಿಕ್ಕಿ ಪರೀಕ್ಷೆಯ ಪ್ರಮಾಣವೂ ಅವುಗಳ ಬೆನ್ನಿಗಿತ್ತು. ಜೊತೆಗೆ ಅದೇ ಜನವರಿಯಿಂದ ಲಂಡನ್ನಿನ ದಟ್ಟಣೆ ಶುಲ್ಕದ ವಿನಾಯಿತಿಯು ಕಡಿಮೆ ಹೊಗೆಯುಗುಳುವ ಕೆಲವು ಪೆಟ್ರೋಲ್, ಡೀಸೆಲ್ ಕಾರುಗಳಿಗೂ ವಿಸ್ತರಿಸಿತು. ವಿದ್ಯುತ್ ವಾಹನಕ್ಕಿದ್ದ ಸವಲತ್ತು ಇನ್ನೂ ಹಲವರ ಪಾಲಾಯಿತು.

2003ರಲ್ಲಿ ವೆಚ್ಚ ಉಳಿಸಿದ ವರ್ಗವೇ 2011ರಲ್ಲಿ ಸಹಾಯಧನಕ್ಕೆ ಅಡ್ಡ ಬಂದಿತು. ಈ ಅಧ್ಯಯನದ ತಿರುಳು ಇಷ್ಟೇ. ನಿಯಮದ ಸಂದಿಯಿಂದ ಒಳಹೊಕ್ಕ ಸರಕು ಆ ಸಂದಿಯಷ್ಟೇ ಅಗಲವಾಗಿ ಬೆಳೆಯಬಲ್ಲದು. ಒಳಗೆ ಹೋದ ಮೇಲೆ ದೊಡ್ಡ ಬಾಗಿಲಿಗೆ ತಕ್ಕಂತೆ ಸಿದ್ಧವಾಗದಿದ್ದರೆ ದೊಡ್ಡ ಬಾಗಿಲು ತೆರೆದ ದಿನ ಅದರಿಂದ ಬೇರೆಯವರು ಒಳಬರುತ್ತಾರೆ. ರೇವಾ ಮಾದರಿಯ ತಯಾರಿಕೆ 2012ರ ಹೊತ್ತಿಗೆ ನಿಂತಿತು.

ಎರಡನೆಯ ಪ್ರಯತ್ನದಿಂದಲೂ ಪಾಠವಿದೆ. 2016ರಲ್ಲಿ ಮಹೀಂದ್ರ ಸಂಸ್ಥೆಯು ಪೂರ್ಣ ಪ್ರಮಾಣದ ಕಾರಾದ ಇ2ಒ ಮಾದರಿಯನ್ನು ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿತು. ಈ ಬಾರಿ ಸಹಾಯಧನದ ಅರ್ಹತೆ ಇತ್ತು. ಅದನ್ನು ಕಳೆದು ಬೆಲೆ 12,995 ಪೌಂಡಿನಿಂದ ಆರಂಭವಾಗುತ್ತಿತ್ತು. ಆದರೆ ಅಷ್ಟರಲ್ಲಿ ಮಾರುಕಟ್ಟೆ ಬದಲಾಗಿತ್ತು. ಹೆಚ್ಚು ದೂರ ಓಡುವ, ಹೆಸರು ಮಾಡಿದ ಕಾರುಗಳು ಹಲವು ಬಂದಿದ್ದವು. ಸುಮಾರು ಒಂದು ವರ್ಷದಲ್ಲಿಯೇ, 2017ರಲ್ಲಿ, ಕಂಪನಿ ಆ ಮಾರುಕಟ್ಟೆಯಿಂದ ಹಿಂದೆಗೆಯಿತು. ವರ್ಗೀಕರಣದ ತೊಡಕು ನಿವಾರಣೆಯಾದಾಗ ಕಾಲ ಮೀರಿತ್ತು.

ಲಂಡನ್ನಿನ ವಿನಾಯಿತಿಯ ಕಥೆಯೂ ಕೊನೆಗೊಂಡಿದೆ. ವಿದ್ಯುತ್ ಕಾರುಗಳಿಗಿದ್ದ ಪೂರ್ಣ ವಿನಾಯಿತಿಯು 2025ರ ಡಿಸೆಂಬರ್ 25ರಂದು ಮುಕ್ತಾಯವಾಯಿತು. ಈ ದಿನಾಂಕವನ್ನು ವರ್ಷಗಳ ಮುಂಚೆಯೇ ಪ್ರಕಟಿಸಲಾಗಿತ್ತು. ಅನ್ಯ ದೇಶದ ಸವಲತ್ತು ಶಾಶ್ವತವಲ್ಲ, ಆದರೆ ಅದರ ಅಂತ್ಯದ ಸೂಚನೆ ಹಲವು ಬಾರಿ ಮುಂದಾಗಿಯೇ ಸಿಗುತ್ತದೆ. ಓದುವವರಿರಬೇಕು.

ಕರಾವಳಿಯ ಸಣ್ಣ ತಯಾರಕರಿಗೆ ಅನ್ವಯ

ಕಾರು ತಯಾರಿಸುವವರು ಈ ಭಾಗದಲ್ಲಿಲ್ಲದಿರಬಹುದು. ಆದರೆ ರೇವಾದ ಅನುಭವ ಗೇರುಬೀಜದ ಕಾರ್ಖಾನೆಗೂ, ಆಹಾರ ಪದಾರ್ಥ ತಯಾರಿಸುವ ಘಟಕಕ್ಕೂ ಅನ್ವಯಿಸುತ್ತದೆ.

1. ಸರಕಿನ ವರ್ಗವನ್ನು ಅರಿಯುವುದು. ಗೇರು ವ್ಯಾಪಾರಿಗಳಿಗೆ ವರ್ಗೀಕರಣದ ಬೆಲೆ ಚೆನ್ನಾಗಿ ತಿಳಿದಿದೆ. ಡಬ್ಲ್ಯು-320 ಎಂದರೆ ಒಂದು ಪೌಂಡ್ ತೂಕಕ್ಕೆ 300ರಿಂದ 320 ಇಡೀ ತಿರುಳು ಎಂದರ್ಥ. ಆ ಸಂಖ್ಯೆ ಬದಲಾದರೆ ದರವೂ ಬದಲಾಗುತ್ತದೆ. ಇದೇ ಎಚ್ಚರವನ್ನು ಆಮದು ದೇಶದ ಸುಂಕದ ಪಟ್ಟಿ, ಆರೋಗ್ಯ ನಿಯಮ, ಪೊಟ್ಟಣದ ಮೇಲಿನ ಬರಹಗಳ ವಿಷಯದಲ್ಲಿಯೂ ತೋರಬೇಕು. ಹಪ್ಪಳವೋ ಉಪ್ಪಿನಕಾಯಿಯೋ ಆ ದೇಶದಲ್ಲಿ ಯಾವ ಪಟ್ಟಿಯಲ್ಲಿ ಸೇರುತ್ತದೆ, ಅದರ ಮೇಲಿನ ಪಟ್ಟಿಗೆ ಸೇರಿಸಬೇಕಾದರೆ ಏನು ಬೇಕು ಎಂಬ ಎರಡೂ ಅಂಶಗಳನ್ನು ಮೊದಲ ರವಾನೆಗೆ ಮುಂಚೆಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

2. ಲಾಭವನ್ನು ಎರಡು ಭಾಗ ಮಾಡುವುದು. ಸರಕಿನ ಸ್ವಂತ ಗುಣದಿಂದ ಬರುವ ಲಾಭ ಒಂದು, ತೆರಿಗೆ ವಿನಾಯಿತಿ, ಸಹಾಯಧನ, ವಿನಿಮಯ ದರಗಳಿಂದ ಬರುವ ಲಾಭ ಇನ್ನೊಂದು. ಉದಾಹರಣೆಗೆ ಒಂದು ರವಾನೆಯಲ್ಲಿ 100 ರೂಪಾಯಿ ಲಾಭ ಬಂದು ಅದರಲ್ಲಿ 70 ರೂಪಾಯಿ ವಿನಾಯಿತಿಯ ಫಲವಾಗಿದ್ದರೆ, ಆ 70ನ್ನು ನಿತ್ಯದ ಆದಾಯವೆಂದು ಭಾವಿಸಿ ಸಾಲದ ಕಂತು ಕಟ್ಟಿಕೊಳ್ಳುವುದು ಅಪಾಯಕರ. ಅದನ್ನು ಪರೀಕ್ಷೆ, ಪ್ರಮಾಣಪತ್ರ, ಗುಣಮಟ್ಟದ ಸುಧಾರಣೆಗೆ ತೊಡಗಿಸಿದರೆ ವಿನಾಯಿತಿ ಹೋದ ದಿನ ಸರಕು ತನ್ನ ಕಾಲ ಮೇಲೆ ನಿಂತೀತು.

3. ಹೆಸರನ್ನು ಕಾಪಾಡಿಕೊಳ್ಳುವುದು. ಲಂಡನ್ನಿನ ಗ್ರಾಹಕರು ಕೊಂಡದ್ದು ಜಿ-ವಿಜ್. ರೇವಾ ಎಂಬ ಹೆಸರು ಹಿನ್ನೆಲೆಯಲ್ಲಿಯೇ ಉಳಿಯಿತು. ಹೆಸರು ಮಾರಾಟಗಾರನದ್ದಾದರೆ ಗ್ರಾಹಕರ ವಿಶ್ವಾಸವೂ ಅವನ ಬಳಿಯೇ ಉಳಿಯುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಬೆಳೆದ ಕರಾವಳಿಯ ಹೆಂಚಿನ ಉದ್ದಿಮೆಯಲ್ಲಿ ಕಾರ್ಖಾನೆಯ ಹೆಸರನ್ನು ಹೆಂಚಿನ ಮೇಲೆಯೇ ಒತ್ತುವ ರೂಢಿಯಿತ್ತು. ಮಾಡಿನಿಂದ ಇಳಿಸಿದ ಹಳೆಯ ಹೆಂಚು ಇಂದಿಗೂ ತನ್ನ ತಯಾರಕನ ಹೆಸರು ಹೇಳುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಸಗಟಿನಲ್ಲಿ ಹೋದ ಗೇರು ತಿರುಳು ಹೊರದೇಶದಲ್ಲಿ ಹುರಿದು, ಬೇರೆಯವರ ಹೆಸರಿನ ಪೊಟ್ಟಣ ಸೇರುತ್ತದೆ. ಪೂರ್ತಿ ಸರಕನ್ನಲ್ಲದಿದ್ದರೂ ಒಂದು ಪಾಲನ್ನಾದರೂ ಸ್ವಂತ ಹೆಸರಿನಲ್ಲಿ ಕಳುಹಿಸುವ ಷರತ್ತನ್ನು ಒಪ್ಪಂದದಲ್ಲಿ ಸೇರಿಸುವುದು ಮೇಲು.

4. ಒಂದೇ ಊರನ್ನು, ಒಬ್ಬನೇ ಮಾರಾಟಗಾರನನ್ನು ನೆಚ್ಚದಿರುವುದು. ರೇವಾದ ಹೊರದೇಶದ ಕೀರ್ತಿ ಬಹುಮಟ್ಟಿಗೆ ಒಂದು ನಗರದ ಮೇಲೆ ನಿಂತಿತ್ತು. ಅಲ್ಲಿನ ಒಂದು ಪತ್ರಿಕೆಯ ಪರೀಕ್ಷೆ ಇಡೀ ಸರಕಿನ ಹೆಸರನ್ನು ಕುಗ್ಗಿಸಿತು. ಮಾರಾಟ ಹಂಚಿಹೋಗಿದ್ದರೆ ಪೆಟ್ಟೂ ಹಂಚಿಹೋಗುತ್ತದೆ. ಹಣ ಬಾರದಿರುವ ಅಪಾಯಕ್ಕೆ ಕೇಂದ್ರ ಸರ್ಕಾರದ ರಫ್ತು ಸಾಲ ಖಾತರಿ ನಿಗಮದ ವಿಮೆ ಲಭ್ಯವಿದೆ. ನಿಯಮ ಬದಲಾಗುವ ಅಪಾಯಕ್ಕೆ ಎರಡನೆಯ ಮಾರುಕಟ್ಟೆಯೇ ವಿಮೆ.

5. ಬಂಡವಾಳವನ್ನು ಸಕಾಲದಲ್ಲಿ ತರುವುದು. ಸರಕಿಗೆ ಬೇಡಿಕೆ ಏರುತ್ತಿರುವಾಗ ಪಾಲುದಾರನನ್ನು ಹುಡುಕುವವರು ಷರತ್ತು ಹಾಕಬಲ್ಲರು. ಬೇಡಿಕೆ ಇಳಿಮುಖವಾದಾಗ ಅಥವಾ ಖರ್ಚು ಮೇಲೆಬಿದ್ದಾಗ ಹುಡುಕುವವರು ಷರತ್ತಿಗೆ ಒಳಗಾಗುತ್ತಾರೆ. ಎಷ್ಟು ಪಾಲನ್ನು ಬಿಟ್ಟುಕೊಡಬಹುದು, ಯಾವ ಮಿತಿಯ ನಂತರ ವಿಸ್ತರಣೆಯನ್ನೇ ನಿಲ್ಲಿಸುವುದು ಲೇಸು ಎಂಬುದನ್ನು ಮನೆಯ ಹಿರಿಯರು, ಪಾಲುದಾರರು, ಲೆಕ್ಕಪರಿಶೋಧಕರು ಕುಳಿತು ಮುಂಚಿತವಾಗಿ ನಿರ್ಧರಿಸಬೇಕು.

6. ಸ್ವದೇಶದ ನೆಲೆ. ಮನೆಯ ಮಾರುಕಟ್ಟೆ ಗಟ್ಟಿಯಾಗಿದ್ದರೆ ಹೊರದೇಶದ ಪೆಟ್ಟನ್ನು ತಾಳಿಕೊಳ್ಳಬಹುದು. ರೇವಾಕ್ಕೆ ಆ ಆಸರೆ ದೊರೆಯಲಿಲ್ಲ. ನೆರವಿನ ನೀತಿ ಬಂದದ್ದು ತಡವಾಗಿ. ನೀತಿ ಬರುವವರೆಗೆ ಸಣ್ಣ ಉದ್ದಿಮೆ ಕಾಯಲಾಗದು. ಆದ್ದರಿಂದ ನೀತಿಯ ಕೊರತೆಯನ್ನು ಸರ್ಕಾರದ ಗಮನಕ್ಕೆ ನಿರಂತರವಾಗಿ ತರುವುದು ವಾಣಿಜ್ಯ ಸಂಘಗಳ ಹೊಣೆಯೂ ಆಗಿದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

ರಫ್ತು ಮಾಡುತ್ತಿರುವ ಅಥವಾ ಮಾಡಲಿಚ್ಛಿಸುವ ಪ್ರತಿಯೊಂದು ಘಟಕವೂ ಕೆಳಗಿನ ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಸಿದ್ಧಪಡಿಸಿಕೊಳ್ಳಬಹುದು.

ಅ) ಮುಖ್ಯ ಸರಕು ಆಮದು ದೇಶದಲ್ಲಿ ಯಾವ ವರ್ಗದಡಿ ಪ್ರವೇಶಿಸುತ್ತದೆ? ಆ ವರ್ಗದ ಅನುಕೂಲವೇನು, ಮಿತಿಯೇನು?

ಆ) ಗ್ರಾಹಕನಿಗೆ ದೊರೆಯುವ ಲಾಭದಲ್ಲಿ ಸರಕಿನ ಗುಣದ ಪಾಲೆಷ್ಟು, ಸರ್ಕಾರದ ನಿಯಮದ ಪಾಲೆಷ್ಟು?

ಇ) ಆ ನಿಯಮ ಮುಂದಿನ ಏಪ್ರಿಲ್ 1ರಂದು ರದ್ದಾದರೆ ಎಷ್ಟು ತಿಂಗಳು ಕಾರ್ಖಾನೆ ನಡೆದೀತು?

ಈ) ಗ್ರಾಹಕರು ಈ ಸರಕನ್ನು ಯಾವ ಸರಕಿನೊಂದಿಗೆ ಹೋಲಿಸುತ್ತಾರೆ? ಆ ಹೋಲಿಕೆಯ ಪರೀಕ್ಷೆಯನ್ನು ಬೇರೆಯವರು ಮಾಡುವ ಮೊದಲು ಘಟಕವೇ ಮಾಡಿ ನೋಡಿದೆಯೇ?

ಉ) ಹೊರದೇಶದ ಅಂಗಡಿಯಲ್ಲಿ ಸರಕಿನ ಮೇಲೆ ಯಾರ ಹೆಸರಿದೆ?

ಊ) ಇನ್ನಷ್ಟು ಬಂಡವಾಳ ಬೇಕಾದಾಗ ಒಡೆತನದ ಎಷ್ಟು ಪಾಲನ್ನು ಬಿಟ್ಟುಕೊಡಲು ಸಿದ್ಧತೆಯಿದೆ?

ಈ ಆರು ಪ್ರಶ್ನೆಗಳಲ್ಲಿ ‘ಇ’ ಪ್ರಶ್ನೆಗೆ ಉತ್ತರ ಬರೆಯಲಾಗದ ಘಟಕವು ಮುಂದಿನ ದೊಡ್ಡ ಬೇಡಿಕೆಯನ್ನು ಒಪ್ಪಿಕೊಳ್ಳುವ ಮೊದಲು ಆ ಲೆಕ್ಕವನ್ನು ಮುಗಿಸಿಕೊಳ್ಳುವುದು ಕ್ಷೇಮ.